ಗಡಿಪಾರಾದ ಮೇಲೆ ಮತ್ತೆ ಅಮೆರಿಕ ಹೊಕ್ಕ ಕೇಸು: ಶಿಕ್ಷೆಯ ವಿರುದ್ಧ ಅಪೀಲು ಹಾಕುವುದು ಹೇಗೆ?

ಅಮೆರಿಕದ ಫೆಡರಲ್ ಕೋರ್ಟು ಒಬ್ಬರಿಗೆ ಶಿಕ್ಷೆ ಕೊಟ್ಟರೆ, ಅದರ ವಿರುದ್ಧ ಅಪೀಲು ಹಾಕಲು ಸಿಗುವುದು 14 ದಿನ. ಊರಲ್ಲಿರುವ ಮನೆಯವರಿಗೆ ವಿಷಯ ಮುಟ್ಟಿ, ಅಳು ಗಾಬರಿ ಎಲ್ಲ ಒಂದು ಹದಕ್ಕೆ ಬಂದು, ಯಾರೋ ಪರಿಚಯದವರಿಂದ ವಕೀಲರ ನಂಬರ್ ಸಿಗುವ ಹೊತ್ತಿಗೆ ಅದರಲ್ಲಿ ಅರ್ಧ ಕಳೆದಿರುತ್ತದೆ. ಈ ಬರಹ ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದಿದ್ದರೆ ಮೊದಲ ಹೆಜ್ಜೆ ಒಂದನ್ನು ಓದಿ, ಆ ಕೆಲಸ ಮುಗಿಸಿ. ಉಳಿದದ್ದಕ್ಕೆ ಆಮೇಲೆ ಬನ್ನಿ.

2025ರ ಫೆಬ್ರುವರಿಯಲ್ಲಿ 104 ಭಾರತೀಯರನ್ನು ಹೊತ್ತ ಅಮೆರಿಕದ ಮಿಲಿಟರಿ ವಿಮಾನ ಅಮೃತಸರದಲ್ಲಿ ಇಳಿದದ್ದು ನೆನಪಿರಬಹುದು. ಹಾಗೆ ವಾಪಸ್ ಕಳಿಸಿದವರು ಅನುಮತಿ ಇಲ್ಲದೆ ಮತ್ತೊಮ್ಮೆ 'ಡಂಕಿ' ಎಂಬ ಕಳ್ಳದಾರಿ ಹಿಡಿದರೆ ಅದು ಬರೀ ವೀಸಾ ತಕರಾರಲ್ಲ, ಕ್ರಿಮಿನಲ್ ಅಪರಾಧ. ಅಮೆರಿಕದ ಕಾನೂನು ಸಂಹಿತೆಯ 8ನೇ ಭಾಗದ 1326ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಒಳಗೆ ಬಂದರೂ ಅಪರಾಧ, ಬರಲು ಯತ್ನಿಸಿದರೂ ಅಪರಾಧ, ಎಷ್ಟೋ ವರ್ಷದ ಮೇಲೆ ಅಲ್ಲಿ ಸಿಕ್ಕಿಬಿದ್ದರೂ ಅಪರಾಧ. ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರುವುದಿಲ್ಲ. ಪೊಲೀಸರು ವಿಮಾನ ಹತ್ತಿಸಿದರೆ ಮಾತ್ರ ಗಡಿಪಾರು ಅಂದುಕೊಳ್ಳುತ್ತಾರೆ. ಗಡಿಪಾರಿನ ಆದೇಶ ಹೊರಬಿದ್ದಿದ್ದು, ಆಮೇಲೆ ನೀವೇ ಟಿಕೆಟ್ ತೆಗೆದು ಬೆಂಗಳೂರಿಗೆ ಬಂದಿದ್ದರೂ ಕಾನೂನಿನ ಕಣ್ಣಲ್ಲಿ ಅದು ಗಡಿಪಾರೇ.

ಶಿಕ್ಷೆಯ ಮಿತಿ ಮೂರು ಹಂತದಲ್ಲಿದೆ. ಹಿಂದಿನ ಅಪರಾಧದ ದಾಖಲೆ ಇಲ್ಲದಿದ್ದರೆ ಗರಿಷ್ಠ 2 ವರ್ಷ. ಗಡಿಪಾರಿಗೆ ಮೊದಲು ಒಂದು ಫೆಲನಿ, ಅಂದರೆ ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಕೊಡಬಹುದಾದ ಅಪರಾಧ, ಸಾಬೀತಾಗಿದ್ದರೆ ಗರಿಷ್ಠ 10 ವರ್ಷ. ಅದು 'ಅಗ್ರವೇಟೆಡ್ ಫೆಲನಿ' ಎಂಬ ಗಂಭೀರ ಅಪರಾಧಗಳ ಪಟ್ಟಿಗೆ ಸೇರಿದ್ದರೆ 20 ವರ್ಷ. ಇವು ಮೇಲಿನ ಮಿತಿಗಳು, ಅಷ್ಟೇ. ನಿಜವಾಗಿ ಬೀಳುವ ಶಿಕ್ಷೆ ಇದಕ್ಕಿಂತ ತುಂಬಾ ಕಡಿಮೆ ಇರುತ್ತದೆ. ಎಷ್ಟೋ ಕೇಸಿನಲ್ಲಿ ತಿಂಗಳ ಲೆಕ್ಕದಲ್ಲೇ ಮುಗಿಯುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಬರಹ ವಕೀಲರ ಬದಲಿಗಲ್ಲ. ವಕೀಲರ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಬೇಕಾದಷ್ಟು ತಿಳಿವಳಿಕೆ ಕೊಡುವುದಷ್ಟೇ ಇದರ ಉದ್ದೇಶ.

ಮೊದಲ ಹೆಜ್ಜೆ: 14 ದಿನದೊಳಗೆ ನೋಟಿಸ್ ಹಾಕಿಸಿ

ಅಪೀಲು ಶುರುವಾಗುವುದು 'ನೋಟಿಸ್ ಆಫ್ ಅಪೀಲ್' ಎಂಬ ಒಂದು ಪುಟದ ಕಾಗದದಿಂದ. ಅದರಲ್ಲಿ ಮೂರು ವಿಷಯ ಇದ್ದರೆ ಸಾಕು: ಯಾರು ಅಪೀಲು ಹಾಕುತ್ತಿದ್ದಾರೆ, ಯಾವ ಆದೇಶದ ವಿರುದ್ಧ, ಯಾವ ಕೋರ್ಟಿಗೆ. ಕಾರಣ ಬರೆಯಬೇಕಾಗಿಲ್ಲ. ವಾದ ಬೇಡ. ಕಣ್ಣೀರಿನ ಕಥೆಯೂ ಬೇಡ. ಅದನ್ನು ಸಲ್ಲಿಸುವುದು ಮೇಲಿನ ಕೋರ್ಟಿನಲ್ಲಿ ಅಲ್ಲ, ಶಿಕ್ಷೆ ಕೊಟ್ಟ ಡಿಸ್ಟ್ರಿಕ್ಟ್ ಕೋರ್ಟಿನಲ್ಲೇ.

14 ದಿನದ ಎಣಿಕೆ ಶುರುವಾಗುವುದು ಲಿಖಿತ ತೀರ್ಪು ಕೋರ್ಟಿನ ದಾಖಲೆಯಲ್ಲಿ ನಮೂದಾದ ಮರುದಿನದಿಂದ. ಶನಿವಾರ, ಭಾನುವಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೊನೆಯ ದಿನ ರಜೆಯಾದರೆ ಮಾತ್ರ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಜಡ್ಜ್ ಬಾಯಲ್ಲಿ ಶಿಕ್ಷೆ ಹೇಳಿ, ಲಿಖಿತ ತೀರ್ಪು ಇನ್ನೂ ಬಂದಿಲ್ಲ ಅಂದರೂ ನೋಟಿಸ್ ಹಾಕಬಹುದು. ಅದು ಊರ್ಜಿತವಾಗುತ್ತದೆ. ಹಾಗಾಗಿ ಕಾಯುವುದರಲ್ಲಿ ಲಾಭವಿಲ್ಲ.

ನಮ್ಮ ಕಡೆ ಸೆಷನ್ಸ್ ಕೋರ್ಟಿನ ಶಿಕ್ಷೆ ವಿರುದ್ಧ ಹೈಕೋರ್ಟಿಗೆ ಹೋಗಲು ಸಾಮಾನ್ಯವಾಗಿ 60 ದಿನ ಇರುತ್ತದೆ. ತಡವಾದರೆ ವಿಳಂಬ ಮನ್ನಾ ಅರ್ಜಿ ಹಾಕಿ ಕಾರಣ ಹೇಳಿದರೆ ಎಷ್ಟೋ ಸಲ ನಡೆದುಹೋಗುತ್ತದೆ. ಆ ಅಭ್ಯಾಸವನ್ನು ಅಲ್ಲಿಗೆ ಕೊಂಡೊಯ್ಯಬೇಡಿ. ಅಲ್ಲಿ ಸರಿಯಾದ ಕಾರಣ ತೋರಿಸಿದರೂ ಡಿಸ್ಟ್ರಿಕ್ಟ್ ಕೋರ್ಟು ಕೊಡಬಹುದಾದ ಹೆಚ್ಚುವರಿ ಸಮಯ 30 ದಿನ ಮಾತ್ರ.

ನೋಟಿಸ್ ಹಾಕಿಸಲು ಮೂರು ದಾರಿಗಳಿವೆ. ಶಿಕ್ಷೆಯ ದಿನವೇ ಕೋರ್ಟಿನಲ್ಲಿ ಆರೋಪಿ ಕೇಳಿಕೊಂಡರೆ ಕೋರ್ಟಿನ ಕ್ಲರ್ಕೇ ನೋಟಿಸ್ ತಯಾರಿಸಿ ದಾಖಲಿಸಬೇಕು, ಅದು ನಿಯಮ. ಇಲ್ಲವೇ ವಕೀಲರಿಗೆ ಬಾಯಿಬಿಟ್ಟು "ಅಪೀಲು ಹಾಕಿ" ಎಂದು ಹೇಳಬೇಕು. "ನೋಡೋಣ ಸಾರ್", "ಏನಾದ್ರೂ ಮಾಡಿ" ಅನ್ನುವುದು ಸಾಲದು. ಹಾಕಿ ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ವಕೀಲರು ಹಾಕದಿದ್ದರೆ ಅದು ವಕೀಲರ ಲೋಪ ಎಂದು ಅಮೆರಿಕದ ಸುಪ್ರೀಂ ಕೋರ್ಟು 2000ದಲ್ಲಿ ಫ್ಲೋರೆಸ್-ಒರ್ಟೆಗಾ ಕೇಸಿನಲ್ಲಿ ಹೇಳಿದೆ. ಅಪೀಲಿನ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದರೂ ಇದೇ ಮಾತು ಅನ್ವಯಿಸುತ್ತದೆ ಎಂದು 2019ರ ಗಾರ್ಜಾ ಕೇಸಿನಲ್ಲಿ ಸೇರಿಸಿತು. ಅದಕ್ಕೇ, ವಕೀಲರಿಗೆ ಹೇಳಿದ ಮಾತು ಪತ್ರದಲ್ಲೂ ಇರಲಿ, ದಿನಾಂಕ ಇರಲಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಮೂರನೆಯದು, ಜೈಲಿನಿಂದಲೇ ಕಳಿಸುವುದು. ಒಳಗಿರುವವರು ಕೊನೆಯ ದಿನದೊಳಗೆ ಜೈಲಿನ ಅಂಚೆ ವ್ಯವಸ್ಥೆಗೆ ಕೊಟ್ಟರೆ ಸಾಕು, ಕೋರ್ಟಿಗೆ ತಲುಪುವುದು ತಡವಾದರೂ ಪರವಾಗಿಲ್ಲ. ಆದರೆ ಎರಡು ಷರತ್ತುಗಳಿವೆ. ಜೈಲಿನಲ್ಲಿ ಕೋರ್ಟು ಪತ್ರಗಳಿಗೆ ಬೇರೆ ವ್ಯವಸ್ಥೆ ಇದ್ದರೆ ಅದನ್ನೇ ಬಳಸಬೇಕು. ಯಾವ ದಿನ ಕೊಟ್ಟೆ, ಅಂಚೆ ಚೀಟಿ ಹಚ್ಚಿದ್ದೆ ಎಂದು ಒಂದು ಪ್ರಮಾಣಪತ್ರವನ್ನೂ ಜೊತೆಗಿಡಬೇಕು.

ಫೀಸು 605 ಡಾಲರ್. ಸರ್ಕಾರ ಕೊಟ್ಟ ವಕೀಲರು ಇದ್ದವರು ಇದನ್ನು ಮುಂಗಡ ಕಟ್ಟಬೇಕಾಗಿಲ್ಲ. ಯಾರಾದರೂ ಮಧ್ಯವರ್ತಿ "ಅಪೀಲು ಫೀಸು ಐದು ಸಾವಿರ ಡಾಲರ್" ಅಂದರೆ ಅದು ಕೋರ್ಟಿನ ಫೀಸಲ್ಲ ಎಂದು ತಿಳಿದುಕೊಳ್ಳಿ.

ವಕೀಲರು ಯಾರು?

ಇಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ಊರಿನವರು ಇಮಿಗ್ರೇಷನ್ ವಕೀಲರನ್ನು ಹುಡುಕಲು ಓಡುತ್ತಾರೆ. ಆದರೆ ಇದು ಕ್ರಿಮಿನಲ್ ಅಪೀಲು. ಇಮಿಗ್ರೇಷನ್ ಕೋರ್ಟಿನ ಅಪೀಲು ಹೋಗುವ ಮಂಡಳಿಯೇ ಬೇರೆ, ಅಲ್ಲಿನ ಕಾನೂನೇ ಬೇರೆ. ನಿಮಗೆ ಬೇಕಾದವರು ಫೆಡರಲ್ ಕ್ರಿಮಿನಲ್ ಅಪೀಲು ಮಾಡಿ ಗೊತ್ತಿರುವವರು. ಒಳ್ಳೆಯ ಸುದ್ದಿ ಏನೆಂದರೆ, ಬಡವರಾದರೆ ಅಪೀಲಿಗೂ ಪುಕ್ಕಟೆ ವಕೀಲರ ಹಕ್ಕಿದೆ. ಫೆಡರಲ್ ಪಬ್ಲಿಕ್ ಡಿಫೆಂಡರ್ ಕಚೇರಿಯವರು ಇಂಥ ಕೇಸುಗಳನ್ನು ದಿನಬೆಳಗಾದರೆ ನೋಡುತ್ತಿರುತ್ತಾರೆ. ಟೆಕ್ಸಸ್, ಅರಿಜೋನಾ ಗಡಿಯ ಊರುಗಳಲ್ಲಂತೂ 1326 ಅವರ ನಿತ್ಯದ ಊಟ. ಪುಕ್ಕಟೆ ಅಂದ ಮಾತ್ರಕ್ಕೆ ಕಳಪೆ ಅಂತ ತಿಳಿಯಬೇಡಿ. ಸಾಲ ಮಾಡಿ ಖಾಸಗಿ ವಕೀಲರನ್ನು ಹಿಡಿಯುವ ಮೊದಲು ಇವರ ಹತ್ತಿರ ಒಮ್ಮೆ ಮಾತಾಡಿ.

ವಕೀಲರು ಫೈಲೆಲ್ಲ ಓದಿ "ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ" ಎಂದು ಕೋರ್ಟಿಗೆ ತಿಳಿಸಿ ಹಿಂದೆ ಸರಿಯಬಹುದು. 1967ರ ಆಂಡರ್ಸ್ ಕೇಸಿನಿಂದ ಬಂದ ಪದ್ಧತಿ ಇದು. ಹಾಗಾದಾಗ ಕಾಗದದ ಒಂದು ಪ್ರತಿ ಜೈಲಿನಲ್ಲಿರುವವರಿಗೆ ಬರುತ್ತದೆ. ಅವರು ತಮ್ಮದೇ ಉತ್ತರ ಬರೆದು ಕಳಿಸಬಹುದು. ಅದಕ್ಕೂ ವಾಯಿದೆ ಇರುತ್ತದೆ, ಸುಮ್ನೆ ಪಕ್ಕಕ್ಕಿಡಬೇಡಿ.

ಸಹಿ ಹಾಕಿದ ಒಪ್ಪಂದದಲ್ಲಿ ಏನಿದೆ?

ಈ ಕೇಸುಗಳಲ್ಲಿ ಹೆಚ್ಚಿನವು ವಿಚಾರಣೆಯವರೆಗೆ ಹೋಗುವುದೇ ಇಲ್ಲ, ತಪ್ಪೊಪ್ಪಿಗೆಯಲ್ಲೇ ಮುಗಿಯುತ್ತವೆ. ಒಪ್ಪಂದದ ಕಾಗದದಲ್ಲಿ "ಅಪೀಲಿನ ಹಕ್ಕು ಬಿಟ್ಟುಕೊಡುತ್ತೇನೆ" ಎಂಬ ಸಾಲು ಇದೆಯೇ ನೋಡಿ. ಬೇಗ ತಪ್ಪೊಪ್ಪಿಕೊಂಡರೆ ಶಿಕ್ಷೆಯ ಲೆಕ್ಕದಲ್ಲಿ (ಅದು ಹೇಗೆಂದು ಮುಂದೆ ನೋಡೋಣ) 4 ಹಂತದವರೆಗೂ ರಿಯಾಯಿತಿ ಸಿಗುವ 'ಫಾಸ್ಟ್ ಟ್ರ್ಯಾಕ್' ಒಪ್ಪಂದಗಳಲ್ಲಿ ಈ ಸಾಲು ಸಾಮಾನ್ಯ.

ಸಾಲು ಇದ್ದರೆ ಎಲ್ಲ ಮುಗಿಯಿತು ಅಂತಲ್ಲ. ಕಾನೂನಿನ ಗರಿಷ್ಠ ಮಿತಿ ಮೀರಿ ಶಿಕ್ಷೆ ಕೊಟ್ಟಿದ್ದರೆ, ವಕೀಲರ ಲೋಪದಿಂದಲೇ ಆ ಒಪ್ಪಂದ ಆಗಿದ್ದರೆ, ಅಥವಾ ಏನಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ಆರೋಪಿಗೆ ಅರ್ಥವೇ ಆಗಿರದಿದ್ದರೆ ದಾರಿ ಇರುತ್ತದೆ. ತಪ್ಪೊಪ್ಪಿಗೆ ದಿನ ಜಡ್ಜ್ ಈ ಸಾಲನ್ನು ಓದಿ ಹೇಳಿ, ಅರ್ಥವಾಯಿತೇ ಎಂದು ಖುದ್ದಾಗಿ ಕೇಳಬೇಕು.

ಅರ್ಥವಾಯಿತೇ ಎನ್ನುವಲ್ಲಿ ಕನ್ನಡಿಗರಿಗೆ ಒಂದು ವಿಶೇಷ ತೊಡಕಿದೆ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ದುಭಾಷಿಗಳಿಗೆ ಪರೀಕ್ಷೆ ನಡೆಸಿ ಪ್ರಮಾಣೀಕರಿಸುವುದು ಈಗ ಸ್ಪ್ಯಾನಿಷ್‌ಗೆ ಮಾತ್ರ. ಕನ್ನಡಕ್ಕೆ ಅರ್ಹರೆಂದು ಕಂಡವರನ್ನು ಆಯಾ ಕೋರ್ಟು ಹುಡುಕಿ ಕರೆಸಬೇಕು. ಸಿಗದಿದ್ದಾಗ "ಹಿಂದಿ ಬರುತ್ತಾ?" ಎಂಬ ಪ್ರಶ್ನೆ ಬರುತ್ತದೆ. ರಾಯಚೂರಿನ ಅಥವಾ ಚಾಮರಾಜನಗರದ ಹುಡುಗ ಭಯದಲ್ಲಿ ತಲೆಯಾಡಿಸಿಬಿಡುತ್ತಾನೆ. ಆಮೇಲೆ ಹಿಂದಿಯಲ್ಲಿ ಹೇಳಿದ ಕಾನೂನಿನ ಮಾತು ಅರ್ಧ ತಲೆ ಮೇಲೆ ಹೋಗಿರುತ್ತದೆ. ಇಂಥದ್ದು ಆಗಿದ್ದರೆ ವಕೀಲರಿಗೆ ಹೇಳಲೇಬೇಕು. ಆ ದಿನ ಯಾವ ಭಾಷೆಯ ದುಭಾಷಿ ಇದ್ದರು, ಆರೋಪಿ ಏನೆಂದು ಉತ್ತರಿಸಿದ ಎನ್ನುವುದು ಕೋರ್ಟಿನ ನಡಾವಳಿಯಲ್ಲಿ ದಾಖಲಾಗಿರುತ್ತದೆ.

ತಪ್ಪು ಹುಡುಕುವುದು: ಲೆಕ್ಕದಲ್ಲಿ ಕಣ್ಣಿಡಿ

ಅಪೀಲು ಅಂದರೆ ಕೇಸನ್ನು ಮತ್ತೆ ಮೊದಲಿನಿಂದ ನಡೆಸುವುದಲ್ಲ. ಹೊಸ ಸಾಕ್ಷಿ ಇಲ್ಲ, ಹೊಸ ಕಾಗದ ಇಲ್ಲ. "ತಾಯಿಗೆ ಹುಷಾರಿಲ್ಲ, ಹೆಂಡತಿ ಮಕ್ಕಳು ಅಲ್ಲಿದ್ದಾರೆ, ಅದಕ್ಕೇ ಹೋದ" ಎನ್ನುವುದು ಶಿಕ್ಷೆಗೆ ಮೊದಲು ಹೇಳಬೇಕಾದ ಮಾತು. ಮೇಲಿನ ಕೋರ್ಟು ಕೇಳುವುದು ಒಂದೇ: ಕೆಳಗಿನ ಜಡ್ಜ್ ಎಲ್ಲಿ ತಪ್ಪಿದರು?

ನನ್ನ ಅಭಿಪ್ರಾಯದಲ್ಲಿ ಈ ಬಗೆಯ ಕೇಸಿನಲ್ಲಿ ಸಮಯ ಹಾಕಲು ಯೋಗ್ಯವಾದ ಜಾಗ ಶಿಕ್ಷೆಯ ಗೈಡ್‌ಲೈನ್ಸ್ ಲೆಕ್ಕ. ದೊಡ್ಡ ಸಂವಿಧಾನದ ವಾದಗಳು ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತವೆ. 2021ರಲ್ಲಿ ನೆವಾಡಾದ ಜಡ್ಜ್ ಮಿರಾಂಡಾ ಡೂ ಈ 1326 ಸೆಕ್ಷನ್ನೇ ಜನಾಂಗ ದ್ವೇಷದಿಂದ ಹುಟ್ಟಿದ್ದು ಎಂದು ರದ್ದು ಮಾಡಿದ್ದರು. 2023ರಲ್ಲಿ ನೈನ್ತ್ ಸರ್ಕ್ಯೂಟ್ ಎಂಬ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ತಿಂಗಳುಗಳು ನಿಜವಾಗಿ ಕಡಿಮೆಯಾಗುವುದು ಕೂಡಿಸಿ ಕಳೆಯುವ ಲೆಕ್ಕದಲ್ಲಿ.

ಲೆಕ್ಕ ಹೀಗೆ ನಡೆಯುತ್ತದೆ. ಶಿಕ್ಷೆಗೆ ಮೊದಲು ಪ್ರೊಬೇಷನ್ ಆಫೀಸರ್ ಒಂದು ವರದಿ ಬರೆಯುತ್ತಾರೆ. ಅದರಲ್ಲಿ ಎರಡು ಅಂಕಿಗಳು. ಒಂದು, ಅಪರಾಧದ ಹಂತ. ಎರಡು, ಹಿಂದಿನ ಅಪರಾಧಗಳ ವರ್ಗ, ಇದು 1ರಿಂದ 6ರವರೆಗೆ. ಕೋಷ್ಟಕದಲ್ಲಿ ಈ ಎರಡೂ ಸೇರುವ ಮನೆಯಲ್ಲಿ ಇಷ್ಟು ತಿಂಗಳಿಂದ ಇಷ್ಟು ತಿಂಗಳು ಎಂದು ಬರೆದಿರುತ್ತದೆ. 2005ರ ಬುಕರ್ ತೀರ್ಪಿನ ನಂತರ ಜಡ್ಜ್ ಅದನ್ನು ಪಾಲಿಸಲೇಬೇಕು ಅಂತಿಲ್ಲ. ಆದರೆ ಲೆಕ್ಕ ಸರಿಯಾಗಿ ಮಾಡಿಯೇ ಶುರು ಮಾಡಬೇಕು.

1326 ಕೇಸಿನಲ್ಲಿ ಮೂಲ ಹಂತ 8. ಹಿಂದೆ ಇದೇ ಅಪರಾಧಕ್ಕೆ ಫೆಲನಿ ಶಿಕ್ಷೆಯಾಗಿದ್ದರೆ 4 ಹಂತ ಹೆಚ್ಚು. ಮೊದಲ ಗಡಿಪಾರು ಆದೇಶಕ್ಕೆ ಮುಂಚೆ ಬೇರೆ ಫೆಲನಿ ಶಿಕ್ಷೆ ಇದ್ದರೆ ಅದರ ಉದ್ದ ನೋಡಿ ಏರಿಸುತ್ತಾರೆ. 5 ವರ್ಷ ಅಥವಾ ಮೇಲಾದರೆ 10 ಹಂತ. 2 ವರ್ಷ ಅಥವಾ ಮೇಲಾದರೆ 8. ಒಂದು ವರ್ಷ ಒಂದು ತಿಂಗಳನ್ನು ಮೀರಿದರೆ 6. ಬೇರೆ ಯಾವುದೇ ಫೆಲನಿಗೆ 4. ಗಡಿಪಾರು ಆದೇಶದ ನಂತರದ ಅಪರಾಧಗಳಿಗೂ ಇದೇ ರೀತಿಯ ಇನ್ನೊಂದು ಪಟ್ಟಿ ಇದೆ. 2016ರ ನವೆಂಬರ್‌ನಲ್ಲಿ ಜಾರಿಯಾದ ಪದ್ಧತಿ ಇದು. ಅದಕ್ಕೆ ಮೊದಲು ಕೆಲವು ಅಪರಾಧಗಳಿಗೆ ಒಂದೇಟಿಗೆ 16 ಹಂತ ಏರುತ್ತಿತ್ತು. ಹಳೆಯ ಲೇಖನ ಓದಿ ಹೆದರಬೇಡಿ.

ಈಗ ಒಂದು ಕಾಲ್ಪನಿಕ ವರದಿಯನ್ನು ಹತ್ತಿರದಿಂದ ನೋಡೋಣ. ಆರೋಪಿಗೆ ಗಡಿಪಾರಿಗೆ ಮುಂಚೆ ಒಂದು ಫೆಲನಿ ಇದೆ, ಶಿಕ್ಷೆ 15 ತಿಂಗಳು ಎಂದು ವರದಿ ಹೇಳುತ್ತದೆ. ಜೊತೆಗೆ ಕುಡಿದು ಗಾಡಿ ಓಡಿಸಿದ ಸಣ್ಣ ಕೇಸು, 30 ದಿನ ಜೈಲು. ಮೂಲ 8, ಮೇಲೆ 6, ಒಟ್ಟು 14. ತಪ್ಪೊಪ್ಪಿಕೊಂಡದ್ದಕ್ಕೆ 2 ಕಳೆದರೆ 12. ಹಿಂದಿನ ದಾಖಲೆಗೆ ಅಂಕ: 15 ತಿಂಗಳ ಶಿಕ್ಷೆಗೆ 3, ಸಣ್ಣ ಕೇಸಿಗೆ 1, ಒಟ್ಟು 4. ಅಂದರೆ 3ನೇ ವರ್ಗ. ಕೋಷ್ಟಕದಲ್ಲಿ ಸಿಗುವುದು 15ರಿಂದ 21 ತಿಂಗಳು.

ಹಳೆಯ ಕೋರ್ಟಿನ ಮೂಲ ತೀರ್ಪು ತರಿಸಿ ನೋಡಿದರೆ ಶಿಕ್ಷೆ 13 ತಿಂಗಳು ಎಂದಿದೆ ಅಂದುಕೊಳ್ಳಿ. ಹದಿಮೂರು ತಿಂಗಳು ಅಂದರೆ ಒಂದು ವರ್ಷ ಒಂದು ತಿಂಗಳು. ಅದನ್ನು ಮೀರಿಲ್ಲ. ಹಾಗಾಗಿ 6 ಹಂತ ಏರಿಸುವಂತಿಲ್ಲ, 4 ಮಾತ್ರ. 8ಕ್ಕೆ 4 ಸೇರಿಸಿ 2 ಕಳೆದರೆ 10. ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ. ಅಂಕದಲ್ಲೂ 3ರ ಬದಲು 2 ಆಗುತ್ತದೆ, ಒಟ್ಟು 3, ಅಂದರೆ 2ನೇ ವರ್ಗ. ಈಗ ಕೋಷ್ಟಕ ಹೇಳುವುದು 8ರಿಂದ 14 ತಿಂಗಳು. ಪಹಣಿಯಲ್ಲಿ ಒಂದು ಅಂಕಿ ತಪ್ಪಾದರೆ ಮುಂದಿನ ಎಲ್ಲ ಕಾಗದದಲ್ಲೂ ಅದೇ ತಪ್ಪು ಹರಿದುಹೋಗುತ್ತದಲ್ವಾ, ಇಲ್ಲೂ ಹಾಗೆಯೇ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ ಎರಡು ಕೇಸುಗಳು ಇದೇ 1326ರವು, ಎರಡೂ ಟೆಕ್ಸಸ್‌ನವು. ರೊಸಾಲೆಸ್-ಮಿರೆಲೆಸ್ ಕೇಸಿನಲ್ಲಿ ಪ್ರೊಬೇಷನ್ ಆಫೀಸರ್ ಒಂದೇ ಹಳೆಯ ಶಿಕ್ಷೆಯನ್ನು ಎರಡು ಸಲ ಎಣಿಸಿದ್ದರು. 70ರಿಂದ 87 ತಿಂಗಳು ಇರಬೇಕಾದ್ದು 77ರಿಂದ 96 ಆಗಿತ್ತು. ಬಿದ್ದ ಶಿಕ್ಷೆ 78 ತಿಂಗಳು. ಕೆಳಗಿನ ಕೋರ್ಟಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅಪೀಲಿನಲ್ಲಿ ಸಿಕ್ಕಿತು. ಇಂಥ ತಪ್ಪನ್ನು ಸಾಮಾನ್ಯವಾಗಿ ಸರಿಪಡಿಸಲೇಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2016ರ ಮೊಲಿನಾ-ಮಾರ್ಟಿನೆಜ್ ಕೇಸು ಕೂಡ ಇಂಥದ್ದೇ. ಲೆಕ್ಕ ತಪ್ಪಿದ್ದರೆ, ಅದರಿಂದ ಶಿಕ್ಷೆ ಹೆಚ್ಚಾಗಿರುವ ಸಂಭವ ಇದೆ ಎಂದು ತೋರಿಸಲು ಸಾಮಾನ್ಯವಾಗಿ ಆ ತಪ್ಪೇ ಸಾಕು ಎಂದಿತು.

ಆದರೂ ಶಿಕ್ಷೆಯ ಹೊತ್ತಿನಲ್ಲೇ ತಕರಾರು ಎತ್ತಿದ್ದರೆ ಅಪೀಲು ಸಲೀಸು. ಎತ್ತದೆ ಬಿಟ್ಟರೆ 'ಎದ್ದು ಕಾಣುವ ತಪ್ಪು' ಎಂದು ಸಾಬೀತು ಮಾಡುವ ಭಾರ ನಿಮ್ಮ ಮೇಲೆ. ಶಿಕ್ಷೆ ಇನ್ನೂ ಆಗಿಲ್ಲದ ಮನೆಯವರು ಇದನ್ನು ಓದುತ್ತಿದ್ದರೆ ಗಮನಿಸಿ. ವರದಿ ಶಿಕ್ಷೆಯ ದಿನಕ್ಕೆ ಕನಿಷ್ಠ 35 ದಿನ ಮೊದಲು ಕೈಗೆ ಬರಬೇಕು. ಬಂದ 14 ದಿನದೊಳಗೆ ಲಿಖಿತ ತಕರಾರು ಕೊಡಬೇಕು.

ವಕೀಲರ ಹತ್ತಿರ ಕೂತು ಕೇಳಬೇಕಾದ ಕೆಲವು ವಿಷಯ:

- ಹಳೆಯ ಶಿಕ್ಷೆ ತುಂಬಾ ಹಳೆಯದೇ? 13 ತಿಂಗಳು ಮೀರಿದ ಶಿಕ್ಷೆಗೆ 15 ವರ್ಷ, ಉಳಿದವಕ್ಕೆ 10 ವರ್ಷದ ಮಿತಿ ಇದೆ. ಆ ಅವಧಿ ದಾಟಿ ಅಂಕ ಸಿಗದ ಶಿಕ್ಷೆಯಿಂದ ಹಂತವನ್ನೂ ಏರಿಸುವಂತಿಲ್ಲ.
- ಹಳೆಯ ಶಿಕ್ಷೆಯಲ್ಲಿ ಒಂದಷ್ಟು ಭಾಗ ಅಮಾನತಿನಲ್ಲಿ ಇಟ್ಟಿದ್ದರೇ? ಗೈಡ್‌ಲೈನ್ಸ್ ಲೆಕ್ಕಕ್ಕೆ ಅಮಾನತಾದ ಭಾಗ ಸೇರುವುದಿಲ್ಲ. ಇಮಿಗ್ರೇಷನ್ ಕಾನೂನಿನ ಲೆಕ್ಕಕ್ಕೆ ಸೇರುತ್ತದೆ. ಈ ಎರಡನ್ನು ಕಲಸಿಬಿಡುವುದು ಸುಲಭ.
- ಮೊದಲ ಗಡಿಪಾರು ಆದೇಶದ ದಿನಾಂಕ ಸರಿಯಿದೆಯೇ? 'ಮೊದಲು', 'ನಂತರ' ಎಂಬ ವಿಂಗಡಣೆ ಪೂರ್ತಿ ಆ ದಿನಾಂಕದ ಮೇಲೆ ನಿಂತಿದೆ.
- ಬಿಡುಗಡೆ ನಂತರದ ಮೇಲ್ವಿಚಾರಣೆ ಎಷ್ಟು ವರ್ಷ ಹಾಕಿದ್ದಾರೆ? ಗರಿಷ್ಠ 2 ವರ್ಷದ ಹಂತದ ಕೇಸಿನಲ್ಲಿ ಮೇಲ್ವಿಚಾರಣೆ 1 ವರ್ಷ ಮೀರುವಂತಿಲ್ಲ. ಅದೂ ಅಲ್ಲದೆ ಹೇಗೂ ಗಡಿಪಾರಾಗುವವರಿಗೆ ಸಾಮಾನ್ಯವಾಗಿ ಮೇಲ್ವಿಚಾರಣೆ ಹಾಕಬಾರದು ಎಂಬುದು ಗೈಡ್‌ಲೈನ್ಸ್ ಮಾತು.
- ತೀರ್ಪಿನ ಕಾಗದದಲ್ಲಿ 10 ವರ್ಷದ ಹಂತ ಇರಬೇಕಾದ ಕಡೆ 20 ವರ್ಷದ ಹಂತ ಎಂದು ಬರೆದಿದೆಯೇ? ತಿಂಗಳು ಬದಲಾಗದಿದ್ದರೂ ಇದನ್ನು ತಿದ್ದಿಸಿ. 'ಅಗ್ರವೇಟೆಡ್ ಫೆಲನಿ' ಹಣೆಪಟ್ಟಿ ಇದ್ದವರಿಗೆ ಮುಂದೆ ಕಾನೂನುಬದ್ಧವಾಗಿ ವೀಸಾ ಪಡೆಯುವ ಬಾಗಿಲು ಹೆಚ್ಚು ಕಡಿಮೆ ಶಾಶ್ವತವಾಗಿ ಮುಚ್ಚುತ್ತದೆ.

ಒಂದು ಎಚ್ಚರಿಕೆ. ಆ ಪ್ರೊಬೇಷನ್ ವರದಿಯ ಪ್ರತಿಯನ್ನು ಫೆಡರಲ್ ಜೈಲಿನಲ್ಲಿರುವವರಿಗೆ ಅಂಚೆಯಲ್ಲಿ ಕಳಿಸಬೇಡಿ. ಕೈದಿಗಳು ಅದನ್ನು ಇಟ್ಟುಕೊಳ್ಳುವಂತಿಲ್ಲ. ವಕೀಲರೇ ಅವರ ಜೊತೆ ಕೂತು ಓದಿಸಬೇಕು.

ಹಳೆಯ ಗಡಿಪಾರನ್ನೇ ಪ್ರಶ್ನಿಸಬಹುದೇ?

"ಮೊದಲ ಗಡಿಪಾರೇ ತಪ್ಪಾಗಿತ್ತು" ಎಂಬುದು ಎಲ್ಲರ ಮನಸ್ಸಿಗೆ ಮೊದಲು ಬರುವ ವಾದ. ಕಾನೂನಿನಲ್ಲಿ ಜಾಗ ಇದೆ, ಆದರೆ ಕಿರಿದು. ಆಗಲೇ ಇದ್ದ ಅಪೀಲಿನ ದಾರಿಗಳನ್ನು ಬಳಸಿರಬೇಕು. ಕೋರ್ಟಿಗೆ ಹೋಗುವ ಅವಕಾಶ ತಪ್ಪಿಹೋಗಿರಬೇಕು. ಆ ಆದೇಶ ಮೂಲಭೂತವಾಗಿ ಅನ್ಯಾಯದ್ದಾಗಿರಬೇಕು. ಮೂರೂ ಬೇಕು, ಒಂದೂ ಬಿಡುವಂತಿಲ್ಲ ಎಂದು 2021ರಲ್ಲಿ ಪಾಲೊಮಾರ್-ಸಾಂಟಿಯಾಗೊ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಅದೂ ಅಲ್ಲದೆ ಈ ವಾದವನ್ನು ತಪ್ಪೊಪ್ಪಿಗೆಗೆ ಮೊದಲೇ ಎತ್ತಿರಬೇಕು. ಸುಮ್ಮನೆ ಒಪ್ಪಿಕೊಂಡು ಶಿಕ್ಷೆಯಾದ ಮೇಲೆ ಇದನ್ನು ಹಿಡಿದುಕೊಂಡು ಹೋದರೆ ಕೆಲಸವಾಗುವುದು ಕಷ್ಟ.

ಇನ್ನೊಂದು ವಾದ ಸೋಲುತ್ತದೆ ಎಂದು ಗೊತ್ತಿದ್ದೇ ವಕೀಲರು ಬರೆದಿಡುತ್ತಾರೆ. ಹಿಂದಿನ ಅಪರಾಧವನ್ನು ಜ್ಯೂರಿ ಮುಂದೆ ಸಾಬೀತು ಮಾಡದೆ ಗರಿಷ್ಠ ಶಿಕ್ಷೆ ಏರಿಸಬಹುದು ಎಂದು 1998ರ ಅಲ್ಮೆಂದಾರೆಸ್-ಟೊರೆಸ್ ತೀರ್ಪು ಹೇಳುತ್ತದೆ. ಅದು ತಪ್ಪು ಎನ್ನುವವರು ಬಹಳ ಜನ ಇದ್ದಾರೆ, ಆದರೆ ಸುಪ್ರೀಂ ಕೋರ್ಟು ಇನ್ನೂ ಅದನ್ನು ಬದಲಿಸಿಲ್ಲ. ಮುಂದೆ ಬದಲಾದರೆ ಲಾಭ ಸಿಗಲಿ ಎಂದು ಒಂದು ಪ್ಯಾರಾ ಬರೆದಿಡುತ್ತಾರೆ. ನಿಮ್ಮ ವಕೀಲರ ವಾದಪತ್ರದಲ್ಲಿ "ಈ ವಾದ ಈಗಿನ ಕಾನೂನಿನಲ್ಲಿ ನಿಲ್ಲುವುದಿಲ್ಲ" ಎಂಬ ಸಾಲು ಕಂಡರೆ ಗಾಬರಿಯಾಗಬೇಡಿ.

ಭಾರತೀಯ ದೂತಾವಾಸಕ್ಕೆ ತಿಳಿಸಲಿಲ್ಲ ಎನ್ನುವುದೂ ಅಪೀಲಿನಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಬಂಧಿತರಿಗೆ ಆ ಹಕ್ಕಿದೆ ಎಂದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹೇಳುವುದು ನಿಜ. ದೂತಾವಾಸದವರು ಜೈಲಿಗೆ ಬಂದು ಭೇಟಿಯಾಗಬಹುದು, ವಕೀಲರ ವಿವರ ಕೊಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು. ಆದರೆ "ಎಂಬಸಿಗೆ ಒಂದು ಫೋನ್ ಮಾಡಿಸಿದ್ರೆ ಬಿಡ್ತಾರೆ" ಅನ್ನುವುದು ಭ್ರಮೆ.

ಕಾಗದ ಪತ್ರ, ವಾದಪತ್ರ

ನೋಟಿಸ್ ಹಾಕಿದ 14 ದಿನದೊಳಗೆ ನಡಾವಳಿಯ ಟ್ರಾನ್ಸ್‌ಕ್ರಿಪ್ಟ್‌ಗೆ ಆರ್ಡರ್ ಕೊಡಬೇಕು. ತಪ್ಪೊಪ್ಪಿಗೆ ದಿನದ್ದು, ಶಿಕ್ಷೆಯ ದಿನದ್ದು ಎರಡೂ ಬೇಕು. ಸರ್ಕಾರ ಕೊಟ್ಟ ವಕೀಲರು ಇದ್ದವರಿಗೆ ಇದರ ಖರ್ಚನ್ನೂ ಸರ್ಕಾರವೇ ಕೊಡುತ್ತದೆ. ದಾಖಲೆ ಪೂರ್ತಿ ಮೇಲಿನ ಕೋರ್ಟಿಗೆ ಸೇರಿದ ಮೇಲೆ ನಿಮ್ಮ ವಾದಪತ್ರಕ್ಕೆ 40 ದಿನ, ಸರ್ಕಾರದ ಉತ್ತರಕ್ಕೆ 30 ದಿನ, ನಿಮ್ಮ ಮರುಉತ್ತರಕ್ಕೆ 21 ದಿನ. ಟೆಕ್ಸಸ್ ಕೇಸುಗಳು ನ್ಯೂ ಓರ್ಲಿಯನ್ಸ್‌ನ ಫಿಫ್ತ್ ಸರ್ಕ್ಯೂಟ್‌ಗೆ, ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾ ಕೇಸುಗಳು ಸ್ಯಾನ್ ಫ್ರಾನ್ಸಿಸ್ಕೊದ ನೈನ್ತ್ ಸರ್ಕ್ಯೂಟ್‌ಗೆ, ನ್ಯೂ ಮೆಕ್ಸಿಕೊ ಕೇಸುಗಳು ಡೆನ್ವರ್‌ನ ಟೆಂತ್ ಸರ್ಕ್ಯೂಟ್‌ಗೆ ಹೋಗುತ್ತವೆ. ಬಹುಪಾಲು ಕಾಗದದ ಮೇಲೇ ತೀರ್ಮಾನವಾಗುತ್ತವೆ. ಆರೋಪಿಯನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ.

ಸಮಯದ ಓಟ

ಇಲ್ಲಿಗೆ ಬಂತು ಆ ತಿಂಗಳ ಲೆಕ್ಕದ ಮಾತು. ಶಿಕ್ಷೆ 10 ತಿಂಗಳು, ಅದರಲ್ಲಿ 5 ತಿಂಗಳು ಆಗಲೇ ಜೈಲಿನಲ್ಲಿ ಕಳೆದಿದೆ ಅಂದುಕೊಳ್ಳಿ. ಮೇಲಿನ ವಾಯಿದೆಗಳನ್ನು ಕೂಡಿಸಿ ನೋಡಿ. ವಾದಪತ್ರಗಳು ಮುಗಿಯುವ ಹೊತ್ತಿಗೇ ನಾಲ್ಕು ತಿಂಗಳು ಹತ್ತಿರವಾಗುತ್ತದೆ, ತೀರ್ಪು ಬರುವ ಮೊದಲೇ ಶಿಕ್ಷೆ ಮುಗಿದಿರಬಹುದು. ಜೈಲಿನ ಅವಧಿ ಮುಗಿದು, ಮೇಲ್ವಿಚಾರಣೆಯೂ ಇಲ್ಲದಿದ್ದರೆ "ಇನ್ನು ಕೊಡುವ ಪರಿಹಾರವೇ ಇಲ್ಲ" ಎಂದು ಕೋರ್ಟು ಶಿಕ್ಷೆಯ ಅಪೀಲನ್ನು ಮುಚ್ಚಿಬಿಡಬಹುದು. ಮೇಲ್ವಿಚಾರಣೆ ಬಾಕಿ ಇದ್ದರೆ ಬೇರೆ ಮಾತು. ಗಡಿಪಾರಾದ ಮಾತ್ರಕ್ಕೆ ಅಂಥ ಅಪೀಲು ಸಾಯುವುದಿಲ್ಲ ಎಂದು ಫಿಫ್ತ್ ಸರ್ಕ್ಯೂಟ್‌ನ ಪೂರ್ಣ ಪೀಠ 2016ರಲ್ಲಿ ಹೇಳಿದೆ.

ಹಾಗಾಗಿ ಶಿಕ್ಷೆ ಚಿಕ್ಕದಿದ್ದರೆ ಎರಡು ಕೆಲಸ ಮಾಡಿಸಿ. ಒಂದು, ಬರೀ ಲೆಕ್ಕದ ತಪ್ಪಾದರೆ ಶಿಕ್ಷೆ ಹೇಳಿದ 14 ದಿನದೊಳಗೆ ಅದೇ ಜಡ್ಜ್ ಸ್ಪಷ್ಟ ತಪ್ಪನ್ನು ತಿದ್ದಬಹುದು. ಈ ದಾರಿಯನ್ನು ಮರೆಯುವವರೇ ಜಾಸ್ತಿ. ಈ ಅರ್ಜಿ ಹಾಕಿದರೂ ಅಪೀಲಿನ 14 ದಿನ ನಿಲ್ಲುವುದಿಲ್ಲ, ನೋಟಿಸ್ ಜೊತೆಗೇ ಹಾಕಿ. ಎರಡು, ಅಪೀಲನ್ನು ಬೇಗ ಕೈಗೆತ್ತಿಕೊಳ್ಳಿ ಎಂದು ಅರ್ಜಿ ಕೊಡಿಸಿ. ಅಪೀಲು ಮುಗಿಯುವವರೆಗೆ ಜಾಮೀನು ಎಂಬುದು ಕಾನೂನಿನಲ್ಲಿದ್ದರೂ, ಇಮಿಗ್ರೇಷನ್ ಇಲಾಖೆ ಹೊರಗೆ ಕಾಯುತ್ತಿರುವವರಿಗೆ ಸಿಗುವುದು ಬಲು ಅಪರೂಪ.

ಶಿಕ್ಷೆ ಒಂದು ವರ್ಷ ಮೀರಿದ್ದರೆ ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತ ಸಿಗುತ್ತದೆ. ಸರಿಯಾಗಿ 12 ತಿಂಗಳು ಬಿದ್ದವರಿಗೆ ಆ ಕಡಿತ ಇಲ್ಲ. 12 ತಿಂಗಳು ಒಂದು ದಿನ ಬಿದ್ದವರು ಅವರಿಗಿಂತ ಮೊದಲೇ ಹೊರಬರುತ್ತಾರೆ! ಇದನ್ನು ಗಮನದಲ್ಲಿಟ್ಟು ನಿಜವಾದ ಬಿಡುಗಡೆ ದಿನಾಂಕ ಲೆಕ್ಕ ಹಾಕಿ, ಆಮೇಲೆ ಅಪೀಲು ಎಷ್ಟು ಉಪಯೋಗ ಎಂದು ಯೋಚಿಸಿ.

ಅಪಾಯ ಏನಾದರೂ ಇದೆಯೇ?

ಸರ್ಕಾರ ತಾನೂ ಅಪೀಲು ಹಾಕದಿದ್ದರೆ ಮೇಲಿನ ಕೋರ್ಟು ತಾನಾಗಿ ಶಿಕ್ಷೆ ಹೆಚ್ಚಿಸುವಂತಿಲ್ಲ. 2008ರ ಗ್ರೀನ್‌ಲಾ ತೀರ್ಪು ಅದು. ನಿಜವಾದ ಅಪಾಯ ಬೇರೆ ಕಡೆ ಇದೆ. ತಪ್ಪೊಪ್ಪಿಗೆಯನ್ನೇ ರದ್ದು ಮಾಡಿಸಿದರೆ ಒಪ್ಪಂದವೂ ಬಿದ್ದುಹೋಗುತ್ತದೆ. ಅದರಲ್ಲಿ ಕೈಬಿಟ್ಟಿದ್ದ ಆರೋಪಗಳು, ಕೊಟ್ಟಿದ್ದ ರಿಯಾಯಿತಿ ಎಲ್ಲ ಮತ್ತೆ ಚರ್ಚೆಗೆ ಬರುತ್ತವೆ. ಅಪೀಲು ಹಕ್ಕು ಬಿಟ್ಟುಕೊಟ್ಟ ಒಪ್ಪಂದ ಮುರಿದು ಅಪೀಲು ಹಾಕಿದರೆ ಸರ್ಕಾರ ಅದನ್ನೇ ಎತ್ತಿ ತೋರಿಸಬಹುದು. ಶಿಕ್ಷೆಯ ತಿಂಗಳನ್ನು ಮಾತ್ರ ಪ್ರಶ್ನಿಸುವುದೇ, ತಪ್ಪೊಪ್ಪಿಗೆಯನ್ನೂ ಪ್ರಶ್ನಿಸುವುದೇ ಎಂಬುದನ್ನು ವಕೀಲರ ಜೊತೆ ಕೂತು ನಿರ್ಧರಿಸಿ.

ತೀರ್ಪು ಬಂದ ಮೇಲೆ

ಗೆದ್ದರೆ ಸಾಮಾನ್ಯವಾಗಿ ಕೇಸು ಹಳೇ ಜಡ್ಜ್ ಹತ್ತಿರ ಹೊಸದಾಗಿ ಶಿಕ್ಷೆ ಹೇಳಲು ವಾಪಸ್ ಹೋಗುತ್ತದೆ. ಜಡ್ಜ್ ಮತ್ತೆ ಅಷ್ಟೇ ಕೊಡಬಹುದು, ಕಡಿಮೆಯೂ ಕೊಡಬಹುದು. ಜೈಲಿನಲ್ಲಿ ಕಲಿತ ಕೆಲಸ, ಒಳ್ಳೆಯ ನಡತೆಯ ದಾಖಲೆ ಈಗ ಲೆಕ್ಕಕ್ಕೆ ಬರುತ್ತವೆ. 2011ರ ಪೆಪ್ಪರ್ ತೀರ್ಪು ಅದಕ್ಕೆ ಅವಕಾಶ ಕೊಟ್ಟಿದೆ. ಹಾಗಾಗಿ ಒಳಗಿರುವವರು ಅಲ್ಲಿನ ತರಗತಿ, ಕೆಲಸದ ಸರ್ಟಿಫಿಕೇಟುಗಳನ್ನು ಎಸೆಯಬಾರದು.

ಸೋತರೆ ಅದೇ ಕೋರ್ಟಿಗೆ ಮರುಪರಿಶೀಲನೆಗೆ 14 ದಿನ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಲು 90 ದಿನ. ಸುಪ್ರೀಂ ಕೋರ್ಟು ತೆಗೆದುಕೊಳ್ಳುವ ಕೇಸು ಕೈಬೆರಳೆಣಿಕೆಯಷ್ಟು. ವಕೀಲರೇ ಸರಿಯಾಗಿ ಕೆಲಸ ಮಾಡಲಿಲ್ಲ ಎಂಬ ದೂರಿದ್ದರೆ ಅದರ ಜಾಗ ಅಪೀಲಲ್ಲ. 2255ನೇ ಸೆಕ್ಷನ್ ಅಡಿ ಡಿಸ್ಟ್ರಿಕ್ಟ್ ಕೋರ್ಟಿಗೇ ಬೇರೆ ಅರ್ಜಿ ಹಾಕಬೇಕು. ತೀರ್ಪು ಅಂತಿಮವಾದ ದಿನದಿಂದ ಸಾಮಾನ್ಯವಾಗಿ ಒಂದು ವರ್ಷದೊಳಗೆ. "ಅಪೀಲು ಹಾಕಿ ಎಂದರೂ ಹಾಕಲಿಲ್ಲ" ಎಂಬ ದೂರು ಕೂಡ ಇಲ್ಲಿಗೇ ಬರುತ್ತದೆ. ಮೊದಲ ಹೆಜ್ಜೆಯಲ್ಲಿ ಹೇಳಿದ ಆ ಪತ್ರದ ಪ್ರತಿ ಆಗ ಬೇಕಾಗುತ್ತದೆ.

ಊರಲ್ಲಿರುವವರು ಮಾಡಬಹುದಾದ್ದು

ಕೈದಿಯ ಎಂಟು ಅಂಕಿಯ ರಿಜಿಸ್ಟರ್ ನಂಬರ್ ಬರೆದಿಟ್ಟುಕೊಳ್ಳಿ. ಫೆಡರಲ್ ಜೈಲು ಇಲಾಖೆಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಯಾವ ಜೈಲು, ಬಿಡುಗಡೆ ಯಾವತ್ತು ಎಂದು ಕಾಣುತ್ತದೆ. ಜೈಲು ಬದಲಾದ ಕೂಡಲೇ ವಕೀಲರಿಗೂ ಕೋರ್ಟಿಗೂ ಹೊಸ ವಿಳಾಸ ಹೋಗಬೇಕು. ಹಳೇ ಜೈಲಿಗೆ ಹೋದ ಕೋರ್ಟಿನ ಪತ್ರ ತಿರುಗಾಡುತ್ತಾ ಇದ್ದರೂ ವಾಯಿದೆ ಓಡುತ್ತಲೇ ಇರುತ್ತದೆ. ಮನೆಯವರ ಫೋನ್ ಕರೆಗಳು ರೆಕಾರ್ಡ್ ಆಗುತ್ತವೆ. ಯಾವ ಏಜೆಂಟ್, ಯಾವ ದಾರಿ, ಎಷ್ಟು ಲಕ್ಷ ಎಂಬುದನ್ನೆಲ್ಲ ಫೋನಿನಲ್ಲಿ ಮಾತಾಡಬೇಡಿ, ಕನ್ನಡದಲ್ಲಾದರೂ ಸರಿ.

ಹಳೆಯ ಕೇಸಿನ ತೀರ್ಪಿನ ದೃಢೀಕೃತ ಪ್ರತಿಗಾಗಿ ಆಯಾ ರಾಜ್ಯದ ಕೋರ್ಟಿಗೆ ಬರೆಯುವುದು ಮನೆಯವರೇ ಮಾಡಬಹುದಾದ ಕೆಲಸ. ಕೇಸ್ ನಂಬರ್, ಹುಟ್ಟಿದ ದಿನಾಂಕ, ಪಾಸ್‌ಪೋರ್ಟಿನಲ್ಲಿರುವ ಹೆಸರಿನ ಸ್ಪೆಲಿಂಗ್ ಸರಿಯಾಗಿ ಕೊಡಿ. ನಮ್ಮ ಕಡೆಯ ಹೆಸರುಗಳಲ್ಲಿ ಅಪ್ಪನ ಹೆಸರು, ಊರಿನ ಹೆಸರು ಹಿಂದೆ ಮುಂದೆ ಆಗಿ ಒಬ್ಬರ ದಾಖಲೆ ಇನ್ನೊಬ್ಬರಿಗೆ ಅಂಟುವುದೂ ಉಂಟು. ಪ್ರೊಬೇಷನ್ ವರದಿಯಲ್ಲಿ ಪಟ್ಟಿ ಮಾಡಿದ ಪ್ರತಿಯೊಂದು ಹಳೆಯ ಕೇಸಿನ ಬಗ್ಗೆಯೂ "ಇದು ನಿಂದೇನಾ?" ಎಂದು ಒಳಗಿರುವವರನ್ನು ವಕೀಲರ ಮೂಲಕ ಒಂದೊಂದಾಗಿ ಕೇಳಿಸಿ.